ಅಪ್ಪನಿಗೆ ಬೇಕಾದ ನೋವಿನ ಪದ್ಯ

ಪಾಣೆಮಂಗಳೂರು
14 ಜುಲೈ 2024

ಮಗಳು ಅಕ್ಷಿತಾಳಿಗೆ, ಅಮ್ಮ ಬರೆಯುವುದು.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀ. ಅಲ್ಲದೆ ಅಪ್ಪ ಪಕ್ಕದಲ್ಲೇ ಇರುತ್ತಾರೆ. ಅವರ ಮಾತು ಹೋಗಿದೆಯೇ ಹೊರತು ಕಿವಿ ಮೊದಲಿಗಿಂತ ಚುರುಕಾಗಿದೆ. ಈಗ ಹೋಟೆಲಿನಲ್ಲಿ ಗಿರಾಕಿಗಳು ಕಡಿಮೆ. ಗಲ್ಲೆಯ ಹಿಂದೆ ಕುಳಿತು ಬರೆಯುತ್ತಿದ್ದೇನೆ.

ನೀನು ಮಕ್ಕಳಿಗೆ ಪದ್ಯದಲ್ಲಿ ವಿಜ್ಞಾನ ಹೇಳುವ ಪುಸ್ತಕ ಮಾಡುವುದನ್ನು ನಿಲ್ಲಿಸುತ್ತೀಯಂತೆ. ನಿನ್ನ ಅಣ್ಣ ಧನರಾಜ ಹೇಳಿದ. ಪ್ರಕಾಶಕರು ಪದ್ಯ ಬೇಡ, ಚಿತ್ರದ ಕೆಳಗೆ ಮಾಹಿತಿ ಹಾಕಿದರೆ ಸಾಕು ಅಂದರಂತೆ. ಅದಕ್ಕೆ ನೀನು ಸಿಟ್ಟಾಗಿ ಕೈ ಬಿಟ್ಟೆಯಂತೆ. ನಿಲ್ಲಿಸಬಾರದು. ಇದು ಸಲಹೆ ಅಲ್ಲ.

ಮೂಡುಬಿದಿರೆಯಲ್ಲಿ ನಿನ್ನ ಮಳೆಯ ಪುಸ್ತಕ ಬಿಡುಗಡೆಯಾದ ದಿನ, ಇಷ್ಟು ಓದಿದವಳು ಚಿತ್ರ ಬಿಡಿಸಿಕೊಂಡು ಕೂತಿದ್ದಾಳೆ ಎಂದು ನಾನು ನಿನ್ನ ಅತ್ತೆಯ ಎದುರೇ ಹೇಳಿದ್ದೆ. ಅದು ನಿನ್ನ ಮನಸ್ಸಿನಲ್ಲಿ ಇನ್ನೂ ಉಂಟು ಎಂದು ಗೊತ್ತು. ಹೇಳಿದ್ದು ಹೌದು. ಅದನ್ನು ಈಗ ಎತ್ತುವುದು ಬೇಡ.

ಅಪ್ಪನಿಗೆ ಪಾರ್ಶ್ವವಾಯು ಬಡಿದ ಮೇಲೆ ನಾವು ಮಾಡಿದ ಮೊದಲ ತಪ್ಪು ತುಳುವಿನಲ್ಲಿ ಮಾತು ಕಲಿಸಲು ಹೊರಟದ್ದು. ಹುಟ್ಟಿದಂದಿನಿಂದ ಆಡಿದ ಮಾತು, ಅದೇ ಮೊದಲು ಬರುತ್ತದೆ ಎಂದು ಎಲ್ಲರೂ ಅಂದುಕೊಂಡೆವು. ನೀರು ತೋರಿಸಿ ‘ನೀರ್’ ಅನ್ನಿ ಅಂದರೆ ತಂಬಿಗೆಯನ್ನೇ ಎಸೆಯುತ್ತಿದ್ದರು. ಮಾತಿನ ಅಭ್ಯಾಸ ಮಾಡಿಸಲು ಬರುವ ಶಬ್ನಾ ಕಪಾಟಿನಲ್ಲಿ ನಿನ್ನ ಪುಸ್ತಕ ನೋಡಿದಳು. ‘ಆಂಟಿ, ಇದನ್ನು ತಾಳ ಹಾಕಿ ಓದಿ. ಅರ್ಥ ಮತ್ತೆ ನೋಡುವ’ ಅಂದಳು. ತೊಡೆ ತಟ್ಟಿಕೊಂಡು ಓದಲು ನಾನೇನು ಬಾಲವಾಡಿ ಟೀಚರಾ ಎಂದು ಕೇಳಿದೆ. ಆದರೂ ದಿನಾ ಓದಿದೆ.

ಒಂದು ದಿನ ನಾನು ‘ಕಡಲಿನ ಬೆವರು ಮೇಲಕೆ ಹೋಯಿತು’ ಎಂದು ಓದಿ ಕನ್ನಡಕ ಒರೆಸುತ್ತಿದ್ದೆ. ಅವರು ‘ಮೋಡದ ಮಡಿಲಲಿ ನಿದ್ದೆ ಹೋಯಿತು’ ಅಂದರು. ಸ್ಪಷ್ಟವಾಗಿ, ಶಾಲೆಯಲ್ಲಿ ಬೆಂಚಿನ ಮೇಲೆ ನಿಂತು ಒಪ್ಪಿಸುವ ಹುಡುಗನ ಹಾಗೆ. ಅವರು ಮನೆಯಲ್ಲಿ ಕನ್ನಡ ಆಡಿದ್ದು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಒಳಗೆ ಹೋಗಿ ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತುಕೊಂಡೆ.

ಈಗ ಅವರಿಗೆ ನೀರು ಬೇಕಾದರೆ ‘ಕಡಲಿನ ಬೆವರು’. ಚಹಾ ಬೇಕಾದರೆ ನಿನ್ನ ಬೀಜದ ಪುಸ್ತಕದಲ್ಲಿ ಬೇರು ಹೇಳುವುದು, ‘ಕತ್ತಲೆ ಕುಡಿಯಲು ಕೆಳಕ್ಕೆ ಹೊರಟೆ’. ‘ಅಪ್ಪ ಈಗ ರೇಡಿಯೋದವರ ಹಾಗೆ ಮಾತಾಡ್ತಾರೆ ಮಾರಾಯ್ತಿ, ನಾವು ಇನ್ನು ಕೈ ಮುಗಿದು ಚಹಾ ಕೊಡಬೇಕು’ ಎಂದು ಧನರಾಜ ಹೆಂಡತಿಗೆ ಹೇಳಿ ನಗುತ್ತಾನೆ. ನಗಲಿ. ಬೆಳಿಗ್ಗೆ ಎಬ್ಬಿಸುವುದು, ಮೀಯಿಸುವುದು, ಉಣಿಸುವುದು, ಮತ್ತೆ ಅದೇ ಪುಟಗಳು. ಮಳೆ ಎಷ್ಟು ಸಲ ಕಡಲಿನಿಂದ ಎದ್ದು ಮೋಡವಾಗಿ ಬಿದ್ದಿತೋ, ನನಗೆ ಸಾಕಾಗಿದೆ. ಬೀಜದ ಪುಸ್ತಕದಲ್ಲಿ ಎಲೆ ಬಿಸಿಲು ತಿನ್ನುವ ಪುಟ ಉಂಟಲ್ಲ, ಅಲ್ಲಿ ನಿನ್ನ ತಾಳ ತಪ್ಪಿದೆ. ಅವರು ಪ್ರತಿ ಸಲ ಅಲ್ಲೇ ಎಡವುತ್ತಾರೆ. ಮುಂದಿನ ಮುದ್ರಣದಲ್ಲಿ ಸರಿ ಮಾಡು.

ಬರೆಯಬೇಕಾದ ವಿಷಯ ಇನ್ನು ಹೇಳುತ್ತೇನೆ.

ಹೋದ ವಾರ ಅವರು ಗಂಜಿ ತಳ್ಳಿದರು. ಮರುದಿನವೂ ತಳ್ಳಿದರು. ಹಠ ಎಂದುಕೊಂಡು ನಾನು ಗದರಿಸಿದೆ. ಕಣ್ಣಲ್ಲಿ ನೀರು ಇಳಿಯುವಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಎಲ್ಲಿ ನೋವು ಎಂದು ಡಾಕ್ಟರು ಕೇಳಿದರೆ ಇವರು ‘ಮೋಡದ ಮಡಿಲಲಿ’ ಅಂದರು. ‘ಕಮಲಾಕ್ಷಣ್ಣ ಕವಿ ಆಗಿದ್ದಾರೆ!’ ಎಂದು ಡಾಕ್ಟರು ನಕ್ಕು, ಹೊಟ್ಟೆ ಒತ್ತಿ ನೋಡಿ ಗ್ಯಾಸಿಗೆ ಮದ್ದು ಬರೆದರು. ಇವರು ಮತ್ತೆ ಜೋರಾಗಿ ಅದನ್ನೇ ಹೇಳಿದರು. ಅವರ ಹತ್ತಿರ ಬೇರೆ ಏನೂ ಇರಲಿಲ್ಲ. ಎರಡು ಪುಸ್ತಕದಲ್ಲಿ ಮಳೆ ಉಂಟು, ಬೇರು ಉಂಟು, ಚಿಗುರು ಉಂಟು. ನೋವು ಇಲ್ಲ. ಕೆನ್ನೆ ಊದಿದ ಮೇಲೆಯೇ ನಮಗೆ ಗೊತ್ತಾದದ್ದು, ದವಡೆಯ ಹಲ್ಲಿನ ಬುಡದಲ್ಲಿ ಕೀವಾಗಿತ್ತು. ಈಗ ಹಲ್ಲು ಕೀಳಿಸಿ ಆಯಿತು. ಆದರೆ ನಾಳೆ ಎದೆ ನೊಂದರೆ? ಉಸಿರು ಕಟ್ಟಿದರೆ?

ಆದ್ದರಿಂದ ನೀನು ಮೈಯ ಬಗ್ಗೆ ಒಂದು ಪುಸ್ತಕ ಮಾಡಬೇಕು. ನೋವು ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ತಲೆಗೆ ಹೋಗಿ ಹೇಳುತ್ತದೆ, ನಿನಗೆ ಗೊತ್ತಿರುತ್ತದೆ. ಹಲ್ಲಿಗೆ ಒಂದು ಪುಟ, ಹೊಟ್ಟೆಗೆ ಒಂದು, ಎದೆಗೆ ಒಂದು. ಸಾಲು ಚಿಕ್ಕದಿರಲಿ, ಪ್ರಾಸ ಬೇಕೇ ಬೇಕು. ಪ್ರಕಾಶಕರು ಒಪ್ಪದಿದ್ದರೆ ಬಿಡು, ಕೈಯಲ್ಲೇ ಬರೆದು ಕಳುಹಿಸು. ಮಾಹಿತಿ ಬೇಕಾದವರಿಗೆ ಅಂಗಡಿಯಲ್ಲಿ ಗೈಡು ಸಿಗುತ್ತದೆ. ಮನುಷ್ಯನ ತಲೆಯೊಳಗೆ ಎಲ್ಲ ಕೊಚ್ಚಿಹೋದ ಮೇಲೆ ಉಳಿಯುವುದು ಪದ್ಯ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೆಲಸ ಬಿಟ್ಟು ಓಡಿ ಬರುವುದು ಬೇಡ. ಇಲ್ಲಿ ಎಲ್ಲ ನಡೆಯುತ್ತಾ ಉಂಟು. ನನಗೇನೂ ಇಲ್ಲ, ಸ್ವಲ್ಪ ದಣಿವು, ಅಷ್ಟೇ.

ಗಿರಾಕಿ ಬಂದರು. ನಿಲ್ಲಿಸುತ್ತೇನೆ.

ನಿನ್ನ ಅಮ್ಮ
ಕಾಂತಿ

ಮತ್ತೆ: ಎದೆಯ ಪುಟವನ್ನು ಮೊದಲು ಬರಿ. ನೋವೇ ಇಲ್ಲದ ಗಂಟು ಏನು ಎಂದೂ ಅದರಲ್ಲಿ ಇರಲಿ. ಎಡಗಡೆ, ಕಂಕುಳಿನ ಹತ್ತಿರ. ಅದು ಅಪ್ಪನದ್ದಲ್ಲ. ಹೋದ ದೀಪಾವಳಿಗೆ ಎಣ್ಣೆ ಹಚ್ಚಿಕೊಳ್ಳುವಾಗ ಕೈಗೆ ಸಿಕ್ಕಿತು, ಈಗ ದೊಡ್ಡದಾಗಿದೆ. ಡಾಕ್ಟರು ಧನರಾಜನ ಜೊತೆ ಓದಿದ ಹುಡುಗ. ಅಪ್ಪನನ್ನು ಕರೆದುಕೊಂಡು ಹೋದ ದಿನ ಹೇಳಬೇಕೆಂದು ಅವನ ಮುಂದೆ ಸ್ವಲ್ಪ ಹೊತ್ತು ಕೂತೆ, ಬಾಯಿ ಬರಲಿಲ್ಲ. ಪುಸ್ತಕ ನಿಧಾನಕ್ಕೆ ಆಗಲಿ. ನೀನು ಬಾ.