ಅಡುಗೆಮನೆಯಲ್ಲಿ ತೊಟ್ಟ ನಿಲುವಂಗಿ

ಮಾರ್ಚ್ 14, ಗುರುವಾರ. ಟೊಲೆಡೊ.

ಬೆಳಿಗ್ಗೆಯಿಂದ ರೊಸಲಿಂಡಳ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಸರ್ಕಾರಿ ವಕೀಲರ ಕಚೇರಿಯಲ್ಲಿ ನನ್ನ ಕೈಕೆಳಗೆ ಪಳಗಿದ ಹುಡುಗಿ, ಸೋಮವಾರ ಫೆಡರಲ್ ನ್ಯಾಯಾಧೀಶೆಯಾಗಿ ಪ್ರಮಾಣ ಮಾಡುತ್ತಾಳೆ.

"ಸರ್, ಪ್ರಮಾಣ ಆದ್ಮೇಲೆ ಕರಿ ನಿಲುವಂಗಿ ನೀವೇ ತೊಡಿಸ್ಬೇಕು."

"ಅದು ಮನೆಯವರ ಕೆಲಸ ಕಣಮ್ಮ. ನಿನ್ನ ಗಂಡ ಎಲ್ಲಿ ಹೋದ?"

"ಅವನು ತನ್ನ ಟೈ ನೆಟ್ಟಗೆ ಕಟ್ಕೊಂಡ್ರೆ ಸಾಕು. ಬನ್ನಿ ಸರ್."

ಯೋಚಿಸಿ ಹೇಳುತ್ತೇನೆಂದೆ. ಅದೇ ಕೋರ್ಟು, ಅದೇ ಪೀಠ. ಇಪ್ಪತ್ತು ವರ್ಷದ ಹಿಂದೆ ಅಧ್ಯಕ್ಷರು ಆ ಪೀಠಕ್ಕೆ ನನ್ನ ಹೆಸರು ಕಳಿಸಿದ್ದರು. ನಮ್ಮ ರಾಜ್ಯದ ಸೆನೆಟರ್ ಒಬ್ಬರು ಒಪ್ಪಿಗೆಯ ನೀಲಿ ಚೀಟಿ ಕೊಡದೆ ಸುಮ್ಮನೆ ಕೂತರು. ಅದಿಲ್ಲದೆ ಸೆನೆಟ್ ಹೆಸರನ್ನು ಕೈಗೆತ್ತಿಕೊಳ್ಳುವುದಿಲ್ಲ; ವರ್ಷ ಮುಗಿಯಿತು, ಹೆಸರು ವಾಪಸ್ ಬಂತು. ಈಗ ಎಲ್ಲರೆದುರು ಅಲ್ಲಿ ನಿಂತು ಬೇರೆಯವರಿಗೆ ಆ ಕರಿ ಬಟ್ಟೆ ತೊಡಿಸಲು ನನ್ನ ಕೈ ಏಳುತ್ತದೆಯೇ ಎಂಬುದೇ ಭಯ.

ಸಂಜೆ ಸೂಪು ಬಿಸಿ ಮಾಡುವಾಗ ಈಗಿಲ್ಲದ ನನ್ನ ಆಗ್ನೆಸ್ ನೆನಪಾದಳು. ನನ್ನ ಹೆಸರು ಪ್ರಕಟವಾದ ದಿನ ಇದೇ ಒಲೆಯ ಮುಂದೆ ನನ್ನನ್ನು ನಿಲ್ಲಿಸಿ, ತನ್ನ ಕರಿ ಚಳಿಕೋಟನ್ನು ನನ್ನ ಹೆಗಲಿಗೇರಿಸಿ ಅಭ್ಯಾಸ ಮಾಡಿದ್ದಳು.

"ಸ್ವಲ್ಪ ಬಗ್ರೀ ನ್ಯಾಯಾಧೀಶ್ರೇ! ಹೀಗೆ ಕಂಬದ ಹಾಗೆ ನಿಂತ್ರೆ ಕುಳ್ಳಿ ಹೆಂಡ್ತಿ ಏನ್ಮಾಡ್ಬೇಕು?"

ಕೋಟಿನ ತೋಳು ನನ್ನ ಮೊಣಕೈಗೇ ನಿಂತಿತು. ನಕ್ಕೂ ನಕ್ಕೂ ಅವಳಿಗೆ ಬಿಕ್ಕಳಿಕೆ ಬಂತು.

ಆ ವರ್ಷವೆಂದರೆ ಸೋಲು ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ಇವತ್ತು ನೋಡಿದರೆ ಆ ಸೆನೆಟರ್ ಮುಖವೇ ಸರಿಯಾಗಿ ನೆನಪಿಲ್ಲ, ಬಿಕ್ಕಳಿಕೆ ಮಾತ್ರ ಕಿವಿಯಲ್ಲೇ ಇದೆ. ನನಗೆ ತೊಡಿಸಬೇಕಾದವಳು ತೊಡಿಸಿಯಾಗಿತ್ತು.

ರೊಸಲಿಂಡಳಿಗೆ ಫೋನ್ ಮಾಡಿ ಬರುತ್ತೇನೆಂದೆ. "ನಾನು ಅತ್ರೆ ನಗಬೇಡ" ಅಂದೆ. "ಅವತ್ತು ಅಳೋ ಸರದಿ ನಂದು ಸರ್" ಅಂದಳು.

ಕರಿ ಶೂ ಎಲ್ಲಿಟ್ಟಿದ್ದೇನೋ, ಬೆಳಿಗ್ಗೆ ಹುಡುಕಬೇಕು. ಪಾಲಿಶ್ ಕೂಡ...