ಗೇಟಿನಾಚೆಯ ಹೆಂಡತಿ, ಗೇಟಿನೀಚೆಯ ಸಹಿ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ಮೊದಲಿಗೆ ತಪ್ಪೊಪ್ಪಿಗೆ. ಕಳೆದ ತಿಂಗಳು ಹನ್ನೊಂದನೆಯ ತಾರೀಕು ಮಧ್ಯಾಹ್ನ, ತಮ್ಮ ನೋಂದಣಿ ಕೌಂಟರಿಗೆ ದಾರದಿಂದ ಬಿಗಿದಿದ್ದ ಬಾಲ್‌ಪೆನ್ನನ್ನು ಹಲ್ಲಿನಿಂದ ಕಚ್ಚಿ ಬಿಡಿಸಿಕೊಂಡು ಓಡಿದವನು ನಾನೇ. ಮಾಲು ನನ್ನ ಬಳಿಯೇ ಇದೆ, ಅರ್ಧ ಗೇಣು ದಾರ ಸಮೇತ. ಶಿಕ್ಷೆಗೆ ಸಿದ್ಧ. ಆದರೆ ಆ ಪೆನ್ನಿಗಿಂತ ಬಿಗಿಯಾಗಿ ತಾವು ನನ್ನ ಹೆಂಡತಿಯನ್ನು ಕಟ್ಟಿಹಾಕಿದ್ದಿರಿ ಎಂಬುದು ನನ್ನ ದೂರು. ತುರ್ತು ಸಿಸೇರಿಯನ್ ಆಗಬೇಕಾದ ಹೆಂಗಸು, ಪೂರ್ತಿ ಎಚ್ಚರವಿದ್ದರೂ, ತನ್ನ ಹೊಟ್ಟೆಯ ವಿಷಯದಲ್ಲಿ ತಾನು ಒಪ್ಪಿಗೆ ಕೊಡುವಂತಿಲ್ಲ. ಗಂಡನ ಸಹಿಯೇ ಬೇಕು ಎನ್ನುತ್ತದೆ ತಮ್ಮ ನಿಯಮ.

ಅವಳಿಗೆ ಎಂಟು ತಿಂಗಳು. ರಕ್ತದೊತ್ತಡ ನೂರ ಎಂಬತ್ತು ದಾಟಿತ್ತು, ಕಾಲು ಊದಿ ಚಪ್ಪಲಿ ಸೇರುತ್ತಿರಲಿಲ್ಲ. "ರೀ, ಗೋಡೆ ಗಡಿಯಾರಕ್ಕೆ ನಾಲ್ಕು ಮುಳ್ಳು ಕಾಣ್ತಿದೆ" ಎಂದಳು. ನಾನು ನಕ್ಕೆ. ಡಾಕ್ಟರಮ್ಮ ನಗಲಿಲ್ಲ. "ಯಾವಾಗ ಬೇಕಾದ್ರೂ ಫಿಟ್ಸ್ ಬರಬಹುದು. ಮಗುವಿನ ಎದೆಬಡಿತಾನೂ ಇಳೀತಿದೆ. ಅರ್ಧ ಗಂಟೆಯೊಳಗೆ ಮಗೂನ ಹೊರಗೆ ತೆಗೀಬೇಕು" ಎಂದವರೇ ಕೈತೊಳೆಯಲು ಹೋದರು. ಸ್ಟ್ರೆಚರ್ ಮೂರನೇ ಮಹಡಿಯ ಕಬ್ಬಿಣದ ಗೇಟು ದಾಟಿತು. ಗೇಟು ಮುಚ್ಚಿತು.

"ಗಂಡಸರು ಒಳಗೆ ಹೋಗೋ ಹಾಗಿಲ್ಲ" ಎಂದ ಕಾವಲುಗಾರ.

"ಒಪ್ಪಿಗೆ ಫಾರಂ ಹೊರಗೆ ಬರೋ ಹಾಗಿಲ್ಲ" ಎಂದರು ಒಳಗಿದ್ದ ನರ್ಸ್.

"ಹಾಗಾದ್ರೆ ಸಹಿ ಎಲ್ಲಿ ಹಾಕ್ಲಿ?"

"ಅದನ್ನ ಆಫೀಸಲ್ಲಿ ಕೇಳಿ."

ಆಫೀಸಿನವರು ಊಟಕ್ಕೆ ಹೋಗಿದ್ದರು. ಗೇಟಿನೊಳಗೇ ನಿಂತಿದ್ದ ಸ್ಟ್ರೆಚರಿನಿಂದ ನನ್ನವಳೇ ಕೈಚಾಚಿದಳು: "ಇಲ್ಲಿ ಕೊಡಿ ಸಿಸ್ಟರ್, ನಾನೇ ಹಾಕ್ತೀನಿ."

"ಪೇಶಂಟ್ ಸಹಿಗೆ ಕಾಲಂ ಇಲ್ಲಮ್ಮ. 'ಜವಾಬ್ದಾರಿಯುತ ಪುರುಷ ಸಂಬಂಧಿ' ಅಂತ ಒಂದೇ ಇರೋದು, ಅಂದ್ರೆ ಗಂಡ. ಸಹಿ ಆಗೋವರೆಗೂ ಸ್ವಲ್ಪ ಸಹಿಸ್ಕೊ."

ಕಾಲಂ ಇಲ್ಲ ಸರಿ, ಸ್ವಾಮಿ, ಕಾಲ ಇತ್ತೇ? ಆ ಗೇಟಿನಲ್ಲಿ ಒಳಗಿದ್ದವರು ಖೈದಿಗಳೋ ಹೊರಗಿದ್ದ ನಾನು ಖೈದಿಯೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಕೊನೆಗೆ ನರ್ಸ್ ಕರಗಿದರು. ಸರಳುಗಳ ನಡುವೆ ನಾನು ಕೈ ತೂರಿಸುವುದು, ಅವರು ಫಾರಂ ಹಿಡಿಯುವುದು: ಹೀಗೆ ಗಂಡಸು ಒಳಗೆ ಹೋಗಲಿಲ್ಲ, ಫಾರಂ ಹೊರಗೆ ಬರಲಿಲ್ಲ. ಆದರೆ ಅವರ ಪೆನ್ನು ಬರೆಯಲೊಲ್ಲದು, ನನ್ನ ಜೇಬಿನಲ್ಲಿ ಬಾಚಣಿಗೆ ಮಾತ್ರ. ಆಗಲೇ ಕೆಳಗೋಡಿ ಕಳ್ಳನಾದದ್ದು. ಏದುಸಿರಿನಲ್ಲಿ ಮೇಲೆ ಬಂದವನು, ಹೊಗಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಪ್ರತಿ ಸಾಲನ್ನೂ ಓದಿ, ಕೈ ನಡುಗಿಸದೆ ಸಹಿ ಹಾಕಿದೆ. ಕಡತ ತೆಗೆದು ನೋಡಿ. ಸಹಿಯ ಬಾಲ ಎಷ್ಟು ನೆಟ್ಟಗಿದೆ.

ಮಗಳು ಒಂದೂಮುಕ್ಕಾಲು ಕಿಲೋ ಇದ್ದಳು. ಹತ್ತೊಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು, ಈಗ ಮನೆಯಲ್ಲಿ ನಮ್ಮಿಬ್ಬರನ್ನೂ ಅಳಿಸುತ್ತಿದ್ದಾಳೆ. ಆದರೆ ನಾನು ಆ ಹೊತ್ತು ಬೇರೆ ಊರಿನಲ್ಲಿದ್ದಿದ್ದರೆ? ನನ್ನ ಹಲ್ಲು ಗಟ್ಟಿಯಿಲ್ಲದಿದ್ದರೆ?

ನನ್ನ ಬೇಡಿಕೆ ಇಷ್ಟೇ. ಫಾರಂನಲ್ಲಿ ಬಸುರಿಯ ಸಹಿಗೆ ಜಾಗ ಮಾಡಿ. ಅವಳಿಗೆ ಎಚ್ಚರವಿದ್ದರೆ ಅದೊಂದೇ ಸಾಕೆಂದು ಬರೆಯಿರಿ. ಎಚ್ಚರವಿಲ್ಲದ ಪಕ್ಷದಲ್ಲಿ, ಗಂಡನನ್ನು ಹುಡುಕುತ್ತಾ ಕೂರದೆ ಡಾಕ್ಟರು ಕತ್ತರಿ ಹಿಡಿಯಲಿ.

ಇಲ್ಲಿಗೆ ಮುಗಿಸಿ ಪತ್ರವನ್ನು ಹೆಂಡತಿಗೆ ತೋರಿಸಿದೆ. ಅವಳು ಬ್ಯಾಂಕಿನಲ್ಲಿ ಚೆಕ್ಕುಗಳ ಸಹಿ ತಾಳೆ ನೋಡುವವಳು. "ಕೈ ನಡುಗಿಸದೆ" ಎಂಬಲ್ಲಿ ಬೆರಳಿಟ್ಟು ನನ್ನ ಮುಖ ನೋಡಿದಳು.

"ನಿಜವಾಗಿ ಆಗಿದ್ದನ್ನೂ ಬರೀರಿ. ಏನ್ಮಾಡ್ತಾರೆ? ಮಗೂನ ವಾಪಸ್ ಒಳಗೆ ಹಾಕ್ತಾರಾ?"

ಬರೆಯುತ್ತೇನೆ. "ತಾಯಿ ಅಥವಾ ಮಗುವಿನ ಪ್ರಾಣಕ್ಕೆ ಅಪಾಯವಾದಲ್ಲಿ" ಎಂಬ ಸಾಲಿನವರೆಗೆ ಓದಿದ್ದು ನೆನಪಿದೆ. ಆಮೇಲೆ ಕಂಡದ್ದು ಕಾವಲುಗಾರನ ಬೂಟು ಮತ್ತು ಅವನು ಮುಖಕ್ಕೆ ಚಿಮುಕಿಸಿದ ನೀರು. ನರ್ಸ್ ನನ್ನತ್ತ ಬಗ್ಗಿದ ಆ ಅರೆಗಳಿಗೆಯಲ್ಲಿ ಪೆನ್ನು, ಫಾರಂ ಎರಡೂ ನನ್ನವಳ ಕೈಸೇರಿದ್ದವು. ನಾಲ್ಕು ಮುಳ್ಳಿನ ಗಡಿಯಾರ ಕಾಣುತ್ತಿದ್ದ ಕಣ್ಣಿನಲ್ಲೇ ನನ್ನ ಸಹಿಯನ್ನು ನನಗಿಂತ ಚೆನ್ನಾಗಿ ಹಾಕಿದ್ದಾಳೆ, ಬಾಲ ಸಮೇತ. ತಮ್ಮ ಆಸ್ಪತ್ರೆ ಅವಳ ಒಪ್ಪಿಗೆಯ ಮೇಲೆಯೇ ಅವಳನ್ನು ಉಳಿಸಿದೆ. ಹೆಸರು ಮಾತ್ರ ನನ್ನದು.

ಇಂತಿ,
ಗೇಟಿನ ಹೊರಗೆ ಬಿದ್ದಿದ್ದ,
ಜವಾಬ್ದಾರಿಯುತ ಪುರುಷ ಸಂಬಂಧಿ