ಖರ್ಜೂರದ ತಪ್ಪೇನೂ ಇಲ್ಲ

ಬೆಳ್ತಂಗಡಿ
೧೭ ಆಗಸ್ಟ್ ೨೦೨೫

ಪ್ರೀತಿಯ ಖಲೀಲ್,

ಆ ಸೆಕೆಯಲ್ಲಿ ನೀನೂ ಝೈನಬ್ ಅವರೂ ಹೇಗಿದ್ದೀರಿ? ದಮ್ಮಾಮಿನಲ್ಲಿ ಈಗ ಹಗಲು ಹೊರಗೆ ಕಾಲಿಡಲಿಕ್ಕಾಗುವುದಿಲ್ಲವೆಂದು ನಿನ್ನ ಅಳಿಯ ಅಸ್ಕರ್ ಹೇಳಿದ. ನಾಡಿದ್ದು ಅವನು ಅಲ್ಲಿಗೆ ಹೊರಡುವಾಗ ಈ ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ಇಷ್ಟುದ್ದದ ಸಂಗತಿಯನ್ನು ಮೊಬೈಲಿನಲ್ಲಿ ಕುಟ್ಟಲು ನನ್ನ ಬೆರಳು ಬಗ್ಗುವುದಿಲ್ಲ. ಇಷ್ಟು ತಿಂಗಳು ಸುಮ್ಮನಿದ್ದದ್ದಕ್ಕೆ ನೀನು ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈಯಿ. ಅದಕ್ಕಿಂತ ದೊಡ್ಡ ಕಾರಣ ಮುಂದೆ ಸಿಗುತ್ತದೆ. ನೀನು ಪ್ರೀತಿಯಿಂದ ಕಳಿಸಿದ ಖರ್ಜೂರದ ಮೇಲೆ ನಾನು ದಿಲ್ಲಿಯವರೆಗೆ ದೂರು ಒಯ್ದಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಶ್ರೇಯಾ ಮೂಡುಬಿದಿರೆಯ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ, ಕ್ರೀಡಾ ಕೋಟಾದಲ್ಲಿ ಹಾಸ್ಟೆಲ್ ಸೀಟು, ಗುಂಡು ಎಸೆತ. ಇದೆಲ್ಲ ನಿನಗೆ ಗೊತ್ತು. ಜನವರಿಯಲ್ಲಿ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಅವಳಿಗೆ ಬೆಳ್ಳಿ ಬಂತು. ನೀನೇ ಫೋನಿನಲ್ಲಿ ಕೂಗಿ ಕುಣಿದವನು. ಅಲ್ಲಿಂದ ನನ್ನ ತಲೆ ತಿರುಗಿತು ಮಾರಾಯ. ಬೆಳ್ಳಿ ಗೆದ್ದದ್ದು ಅವಳು, ಭಾಷಣ ಶುರು ಮಾಡಿದ್ದು ನಾನು.

ನಮ್ಮ ಜೈನ ಸಮಾಜದ ಸಭೆಯಲ್ಲಿ ಸನ್ಮಾನ ಮಾಡಿದರು. ಮೈಕು ಸಿಕ್ಕಿತು. "ಗುಂಡು ಎಸೆಯಬೇಕಾದರೆ ಮೊಟ್ಟೆ ಬೇಕು, ಮಾಂಸ ಬೇಕು ಅಂತ ಹೇಳ್ತಾರೆ. ನನ್ನ ಮಗಳು ಮೊಟ್ಟೆಯ ಓಡನ್ನೂ ಮುಟ್ಟಿದವಳಲ್ಲ. ಮೊಳಕೆ ಬಂದ ಹೆಸರುಕಾಳು! ಅಷ್ಟೇ!" ಎಂದೆ. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಬಂಟ್ವಾಳದಲ್ಲಿ ಕರೆದರು, ವೇಣೂರಿನಲ್ಲಿ ಕರೆದರು. ಅಂಗಡಿಗೆ ಪೇಂಟು ಕೇಳಿಕೊಂಡು ಬಂದವರೂ ಹೆಸರುಕಾಳಿನ ವಿಷಯ ಕೇಳದೆ ಹೊರಗೆ ಹೋಗುವ ಹಾಗಿರಲಿಲ್ಲ. ಒಬ್ಬರಂತೂ ಸುಣ್ಣ ಕೊಳ್ಳಲು ಬಂದು, ಎದುರಿನ ಅಂಗಡಿಯಲ್ಲಿ ಹೆಸರುಕಾಳು ಕೊಂಡು ಮನೆಗೆ ಹೋದರು. ಸುಣ್ಣ ಮರೆತೇ ಹೋಗಿತ್ತು.

ಮಾರ್ಚಿನಲ್ಲಿ ದಿಲ್ಲಿಯಿಂದ ಇಮೇಲ್ ಬಂತು. ಕೂಟದಲ್ಲಿ ತುಂಬಿಸಿದ ಫಾರ್ಮಿನಲ್ಲಿ ಶ್ರೇಯಾ ನನ್ನ ವಿಳಾಸವನ್ನೂ ಕೊಟ್ಟಿದ್ದಳಂತೆ. ಇಂಗ್ಲಿಷಿನಲ್ಲಿ ಎರಡು ಪುಟ. ಮೇಲೆ ಸರಕಾರದ ಮುದ್ರೆ, ಕೆಳಗೆ ಮಗಳ ಪೂರ್ತಿ ಹೆಸರು, ನಡುವೆ ದಪ್ಪಕ್ಷರದಲ್ಲಿ 'ಫೈಂಡಿಂಗ್' ಎಂಬ ಮಾತು. ಪ್ರತಿಭೆಯನ್ನು ಕಂಡುಹಿಡಿದಿದ್ದಾರೆ, ಇನ್ನು ರಾಷ್ಟ್ರೀಯ ಶಿಬಿರಕ್ಕೆ ಕರೆಯುತ್ತಾರೆ ಎಂದು ನಾನು ತಿಳಿದುಕೊಂಡೆ. ಜಿಲೇಬಿ ತರಿಸಿ ಅಂಗಡಿಗೆ ಬಂದವರಿಗೆಲ್ಲ ಹಂಚಿದೆ. ಮಗ ಜಯೇಶ ಗೋಡೌನಿನಿಂದ ಬಂದು, ಒಂದು ಕೈಯಲ್ಲಿ ಜಿಲೇಬಿ ಹಿಡಿದುಕೊಂಡು ಓದಿದ. ತಿನ್ನಲಿಲ್ಲ.

"ಅಪ್ಪ, ಇದು ಅಭಿನಂದನೆ ಅಲ್ಲ. ತಂಗಿಯ ಮೂತ್ರದಲ್ಲಿ ಉದ್ದೀಪನ ಮದ್ದು ಸಿಕ್ಕಿದೆ ಅಂತ ಬರೆದಿದ್ದಾರೆ. ಅವಳನ್ನು ಸಸ್ಪೆಂಡ್ ಮಾಡಿದ್ದಾರೆ."

ಅಷ್ಟರಲ್ಲಿ ಪಕ್ಕದ ಅಂಗಡಿಯವರು ಎರಡನೇ ಜಿಲೇಬಿಗೆ ಕೈ ಚಾಚಿ, "ಇನ್ನು ಒಲಿಂಪಿಕ್ಸೇ ಅಲ್ವಾ ಚಂದ್ರರಾಜಣ್ಣ?" ಎಂದು ಕೇಳುತ್ತಿದ್ದರು. ನಾನು "ಹೌದು ಹೌದು" ಎಂದೆ. ಇನ್ನೇನು ಹೇಳಲಿ?

ಸಂಜೆಯೇ ಮೂಡುಬಿದಿರೆಗೆ ಹೋಗಿ ಅವಳನ್ನು ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಏನೂ ಕೇಳಲಿಲ್ಲ. ಕೇಳುವುದೇನಿದೆ? ನನ್ನ ಮಗಳು ತಪ್ಪು ಮಾಡುವವಳಲ್ಲ, ಯಾವುದೋ ತಿಂಡಿಯಲ್ಲಿ ಏನೋ ಸೇರಿದೆ ಎಂದು ಬಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಮನೆಗೆ ಬಂದವನೇ ಅಡುಗೆಮನೆಗೆ ನುಗ್ಗಿದೆ. ಅಮ್ಮನ ಕಷಾಯದ ಪುಡಿ, ಶೀತದ ಸಿರಪ್ಪು, ಚ್ಯವನಪ್ರಾಶ, ಉಪ್ಪಿನಕಾಯಿ, ಎಲ್ಲವನ್ನೂ ಪೇಂಟಿನ ರಟ್ಟಿನ ಪೆಟ್ಟಿಗೆಗೆ ತುಂಬಿಸಿದೆ. ಹಾಗೆ ತುಂಬಿಸುವಾಗ ಕಣ್ಣಿಗೆ ಬಿದ್ದದ್ದು ನವೆಂಬರಿನಲ್ಲಿ ಅಸ್ಕರನ ಕೈಯಲ್ಲಿ ನೀನು ಕಳಿಸಿದ ಖರ್ಜೂರದ ಡಬ್ಬಿ. ಅದರ ಮೇಲೆ ಬರೆದದ್ದೆಲ್ಲ ಅರಬಿ. ಓದಲಿಕ್ಕೆ ಬಾರದ್ದರ ಮೇಲೆ ಸಂಶಯ ಪಡುವುದು ಸುಲಭ ಖಲೀಲ್. ಅದನ್ನು ಎಲ್ಲದರ ಮೇಲಿಟ್ಟೆ.

ನನ್ನವಳು ತ್ರಿಶಲಾ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತು, "ಉಪ್ಪಿನಕಾಯಿ ತಿಂದು ಗುಂಡು ದೂರ ಹೋಗುವುದಾದ್ರೆ ನಿಮ್ಮ ಅಮ್ಮ ಇಷ್ಟು ಹೊತ್ತಿಗೆ ಚಾರ್ಮಾಡಿ ಘಾಟಿ ದಾಟಿಸ್ತಿದ್ರು" ಎಂದಳು.

ಬಂಟ್ವಾಳದ ವಕೀಲ ಶೋಧನ್ ನಮ್ಮ ದೂರದ ಸಂಬಂಧಿ. ಇಪ್ಪತ್ತು ವರ್ಷಗಳಿಂದ ಜಾಗದ ಗಡಿ ತಕರಾರು ಬಿಟ್ಟರೆ ಬೇರೆ ಕೇಸು ಹಿಡಿದವನಲ್ಲ. ಆದರೂ ಧೈರ್ಯ ಕೊಟ್ಟ. "ನೀವು ಹೆದರಬೇಡಿ, ನೋಡುವ" ಎಂದು ಶ್ರೇಯಾಳನ್ನು ಎದುರು ಕೂರಿಸಿಕೊಂಡ.

"ಸ್ಯಾಂಪಲ್ ತೆಗೆಯುವಾಗ ಸ್ಥಳ ಮಹಜರು ಮಾಡಿದ್ದಾರಾ?"

"ಇಲ್ಲ."

"ಊರಿನ ಇಬ್ಬರು ಸಾಕ್ಷಿಗಳು ಇದ್ರಾ?"

"ಅದು ಬಾತ್‌ರೂಮ್, ಶೋಧನಣ್ಣ."

ಶೋಧನ್ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಫ್ಯಾನು ನೋಡಿದ. ಆಮೇಲೆ, "ಹಾಗಾದ್ರೆ ನಾವು ಖರ್ಜೂರವನ್ನೇ ಹಿಡಿಯುವ" ಎಂದ.

ಜುಲೈಯಲ್ಲಿ ವಿಚಾರಣೆ. ದಿಲ್ಲಿಗೆ ಹೋಗಬೇಕಿಲ್ಲ, ಕಂಪ್ಯೂಟರಿನಲ್ಲೇ ಮುಖ ತೋರಿಸಿದರೆ ಸಾಕಂತೆ. ನಮ್ಮ ಚಾವಡಿಯಲ್ಲೇ ಎಲ್ಲ ಸಿದ್ಧತೆ. ಶೋಧನ್ ಮೇಲೆ ಕರಿ ಕೋಟು, ಕುತ್ತಿಗೆಗೆ ಬಿಳಿ ಪಟ್ಟಿ, ಕೆಳಗೆ ಪಂಚೆ. "ಟೇಬಲ್‌ನಿಂದ ಕೆಳಗೆ ಅವರಿಗೆ ಕಾಣುವುದಿಲ್ಲ" ಎಂದು ನಮಗೆ ಸಮಾಧಾನ ಹೇಳಿದ. ನಾನು ಪೆಟ್ಟಿಗೆಯ ಸಾಮಾನನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಅಮ್ಮ ಒಳಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತರು. ಪರದೆಯ ಮೇಲೆ ಮೂವರು ಕಾಣಿಸಿದರು. ನಡುವಿನವರು ಬಿಳಿ ಕೂದಲಿನ ಒಬ್ಬ ಮೇಡಂ.

ಶೋಧನ್ ಇಂಗ್ಲಿಷಿನಲ್ಲಿ ಶುರು ಮಾಡಿದ. ನಮ್ಮ ಮನೆತನ, ನಮ್ಮ ಧರ್ಮ, ಸೂರ್ಯ ಮುಳುಗಿದ ಮೇಲೆ ನಾವು ಉಣ್ಣದಿರುವುದು, ಎಲ್ಲ ಹೇಳಿದ. ಕೊನೆಗೆ ಡಬ್ಬಿಯನ್ನು ಕ್ಯಾಮೆರಾಕ್ಕೆ ಹಿಡಿದು, ಈ ಖರ್ಜೂರ ವಿದೇಶದಿಂದ ಬಂದದ್ದು, ಕಳಿಸಿದವರ ಉದ್ದೇಶದ ಮೇಲೆ ನಮಗೆ ಸಂಶಯವಿಲ್ಲದಿದ್ದರೂ ಖರ್ಜೂರದ ಮೇಲೆ ಉಂಟು ಎಂದ. ನಿನ್ನ ಮಾನ ಅಷ್ಟರಮಟ್ಟಿಗೆ ಉಳಿಸಿದ್ದಾನೆ. ಹೇಳುವ ಭರದಲ್ಲಿ ಡಬ್ಬಿಯನ್ನು ಇನ್ನೂ ಹತ್ತಿರ ತೋರಿಸಲು ಎದ್ದು ನಿಂತ. ದಿಲ್ಲಿಯವರಿಗೆ ಕೋಟಿನ ಕೆಳಗಿನ ಪಂಚೆ ಪೂರ್ತಿ ಕಂಡಿತು.

ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಶ್ರೇಯಾ, ನೀನು ಏನಾದರೂ ಹೇಳುವುದಿದೆಯಾ?" ಎಂದು ಕೇಳಿದರು.

ಶ್ರೇಯಾ ಶೋಧನನ ಕೈಯಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. "ಖರ್ಜೂರದ ತಪ್ಪೇನೂ ಇಲ್ಲ ಮೇಡಂ," ಎಂದಳು. "ನಾನೇ ತಗೊಂಡದ್ದು. ಏನು ಅಂತ ಗೊತ್ತಿದ್ದೇ ತಗೊಂಡದ್ದು."

ಅವಳು ನಿಲ್ಲಿಸದೆ ಹೇಳಿದಳು. ಕಳೆದ ವರ್ಷ ಮಳೆಗಾಲದ ನಂತರ ಎಷ್ಟು ಅಭ್ಯಾಸ ಮಾಡಿದರೂ ಗುಂಡು ಮುಂದೆ ಹೋಗುತ್ತಿರಲಿಲ್ಲ. ತಂಡಕ್ಕೆ ಆಯ್ಕೆಯಾಗದಿದ್ದರೆ ಕೋಟಾ ಸೀಟು ಹೋಗುತ್ತದೆ, ಹಾಸ್ಟೆಲೂ ಹೋಗುತ್ತದೆ. ಮಂಗಳೂರಿನ ಜಿಮ್ಮಿನವನೊಬ್ಬ ಎಲ್ಲರೂ ತೆಗೆದುಕೊಳ್ಳುತ್ತಾರೆ, ಕಾಲೇಜಿನ ಮಕ್ಕಳನ್ನು ಯಾರು ಪರೀಕ್ಷೆ ಮಾಡುತ್ತಾರೆ ಎಂದನಂತೆ. ಅವನ ಹೆಸರು, ಫೋನ್ ನಂಬರು ಎರಡನ್ನೂ ಕೊಟ್ಟಳು. ಕೊನೆಗೆ, "ನನ್ನ ರೂಮಿನ ಹುಡುಗಿಯರಿಗೂ ಬೇಕಾ ಅಂತ ಅವನು ಕೇಳಿದ್ದಾನೆ. ಅವರು ಇನ್ನೂ ತಗೊಂಡಿಲ್ಲ. ದಯವಿಟ್ಟು ಬೇಗ ಏನಾದ್ರೂ ಮಾಡಿ" ಎಂದಳು.

ಪರದೆ ಕಪ್ಪಾದ ಮೇಲೆ ಮೊದಲು ಮಾತಾಡಿದ್ದು ಅಮ್ಮ. "ಅದು ಮಾತ್ರೆಯಾ, ಕ್ಯಾಪ್ಸೂಲಾ?"

"ಕ್ಯಾಪ್ಸೂಲ್, ಅಜ್ಜಿ."

"ಅಯ್ಯೋ ದೇವರೇ! ಅದರ ಓಡು ಎಲುಬಿನದ್ದು ಅಲ್ವಾ?"

ನಿಷೇಧದ ಚಿಂತೆ ಅಮ್ಮನಿಗಿಲ್ಲ. ಎಲುಬಿನ ಓಡು ಒಳಗೆ ಹೋಯಿತಲ್ಲ ಎಂದು ಮೊಮ್ಮಗಳ ಪರವಾಗಿ ಮರುದಿನ ಉಪವಾಸ ಕುಳಿತರು. ಶ್ರೇಯಾ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ತ್ರಿಶಲಾ ಅವಳನ್ನು ಒಳಗೆ ಕರೆದುಕೊಂಡು ಹೋದಳು. ನಾನೂ ಶೋಧನನೂ ಉಪ್ಪಿನಕಾಯಿ ಭರಣಿಯ ಮುಂದೆ ಕುಳಿತೇ ಇದ್ದೆವು. ನಾನು ನಾಲ್ಕು ತಿಂಗಳು ಹೆಣೆದದ್ದನ್ನು ಒಂದೇ ಮಾತಿಗೆ ಬಿಚ್ಚಿ ಹಾಕಿದವಳ ಮೇಲೆ ಸಿಟ್ಟು ಬರಬೇಕಿತ್ತು. ಅವಳಿಗೆ ಬೆಳ್ಳಿ ಬಂದ ದಿನವೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ, ಇದನ್ನು ಇನ್ನೂ ಯಾರಿಗೂ ಹೇಳಿಲ್ಲ.

ನಾಲ್ಕು ವರ್ಷ ಆಗಬೇಕಿದ್ದ ನಿಷೇಧ, ಒಪ್ಪಿಕೊಂಡು ಜಿಮ್ಮಿನವನ ಹೆಸರು ಕೊಟ್ಟದ್ದಕ್ಕೆ ಮೂರಾಯಿತಂತೆ. ಪದಕ ಹಿಂದೆ ಹೋಯಿತು. ಜಿಮ್ಮಿನವನನ್ನು ಪೊಲೀಸರು ಕರೆಸಿದ್ದಾರೆ, ಹಾಸ್ಟೆಲಿನ ಆ ಹುಡುಗಿಯರು ಬಚಾವಾದರು. ಶ್ರೇಯಾ ಈಗ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಾಳೆ, ಬರೀ ಬಿ.ಕಾಂ. ಹುಡುಗಿಯಾಗಿ. ನಾನು ಭಾಷಣ ಮಾಡಿದ ಕಡೆಗೆಲ್ಲ ಫೋನ್ ಮಾಡಿ ನಡೆದದ್ದನ್ನು ತಿಳಿಸಿದೆ. ವೇಣೂರಿನವರೊಬ್ಬರು ಎಲ್ಲ ಕೇಳಿಸಿಕೊಂಡು, "ನಮ್ಮ ಮಗನಿಗೆ ಮಾರ್ಚಿನಿಂದ ಹೆಸರುಕಾಳು ಕೊಡ್ತಾ ಇದ್ದೇವೆ. ಅವನನ್ನೂ ಟೆಸ್ಟ್ ಮಾಡಿಸ್ಬೇಕಾ ಮಾರಾಯ್ರೆ?" ಎಂದು ಗಾಬರಿಯಿಂದ ಕೇಳಿದರು. ಟೆಸ್ಟ್ ಬೇಡ, ಗ್ಯಾಸ್ ಆಗಿದೆಯಾ ಅಂತ ಅವನ ಹೊಟ್ಟೆಯನ್ನೇ ಕೇಳಿ ನೋಡಿ ಎಂದೆ.

ಖರ್ಜೂರ ಚೆನ್ನಾಗಿತ್ತು. ವಿಚಾರಣೆ ಮುಗಿದ ಸಂಜೆ ಸಾಕ್ಷಿಯನ್ನು ನಾನೂ ಶೋಧನನೂ ಸೇರಿ ಮುಗಿಸಿದೆವು. ನಿನ್ನ ತಾಯಿಯವರನ್ನು ಮೊನ್ನೆ ಬಂಟ್ವಾಳದಲ್ಲಿ ನೋಡಿ ಬಂದೆ, ಮೊಣಕಾಲು ನೋವು ಕಡಿಮೆಯಾಗಿದೆ, ನಿನ್ನ ಮೇಲಿನ ಸಿಟ್ಟು ಕಡಿಮೆಯಾಗಿಲ್ಲ. ವಾರಕ್ಕೊಮ್ಮೆಯಾದರೂ ಮಾತಾಡು. ನಿನಗೂ ಮನೆಯವರಿಗೂ ಆರೋಗ್ಯ, ನೆಮ್ಮದಿ, ಕೈತುಂಬ ಕೆಲಸ ಇರಲಿ. ಮಕ್ಕಳಿಗೆ ನನ್ನ ಆಶೀರ್ವಾದ ಹೇಳು.

ನಿನ್ನ,
ಚಂದ್ರರಾಜ

ಇನ್ನೊಂದು ಮಾತು. ಅಸ್ಕರ್ ಕಾಗದ ಕೊಡುವಾಗ ನೀನು ಒಬ್ಬನೇ ಇದ್ದರೆ ಒಳ್ಳೆಯದು. ಜೂನಿನಲ್ಲಿ ಒಂದು ಭಾನುವಾರ ನೀನು ಫೋನ್ ಮಾಡಿದೆ, ನಾನು ಸ್ನಾನಕ್ಕೆ ಹೋಗಿದ್ದೆ. ಎತ್ತಿದವರನ್ನು ಜಯೇಶನೆಂದು ತಿಳಿದು, "ಏನೋ, ಮದುವೆ ಗಿದುವೆ ಆಗುವ ಅಂದಾಜು ಉಂಟಾ, ಇಲ್ಲ ಹೀಗೇ ಇರುವುದಾ?" ಎಂದು ತಮಾಷೆ ಮಾಡಿದೆಯಂತೆ. ಜಯೇಶ ಆ ದಿನ ಊರಿನಲ್ಲೇ ಇರಲಿಲ್ಲ. ಎತ್ತಿದ್ದು ಶ್ರೇಯಾ. "ಹೂಂ ಮಾಮ, ಅಪ್ಪನಿಗೆ ಹೇಳ್ತೇನೆ" ಎಂದು ಇಟ್ಟುಬಿಟ್ಟಳಂತೆ. ಆ ಮದ್ದು ಅವಳ ದನಿಯನ್ನು ಗಂಡಸಿನ ದನಿ ಮಾಡಿಬಿಟ್ಟಿದೆ ಖಲೀಲ್. ಶೀತ ಎಂದು ತಿಳಿದು ನಾವು ಎಷ್ಟೋ ದಿನ ಕಷಾಯ ಕೊಟ್ಟೆವು. ನಿಷೇಧ ಮೂರು ವರ್ಷಕ್ಕೆ ಮುಗಿಯುತ್ತದೆ, ದನಿ ತಿರುಗಿ ಬರುತ್ತದೆಂದು ಹೇಳಲಿಕ್ಕಾಗುವುದಿಲ್ಲ ಎಂದರು ಡಾಕ್ಟರು. ನಿನ್ನ ತಪ್ಪಲ್ಲ, ನಾನೇ ಎರಡು ಸಲ ಒಳಗಿನಿಂದ ಕೇಳಿ "ಜಯೇಶಾ" ಎಂದು ಕರೆದಿದ್ದೇನೆ. ಮುಂದೆ ನೀನು ಫೋನ್ ಮಾಡಿದಾಗ ಯಾವ ದನಿ ಕೇಳಿದರೂ ಮೊದಲು "ಶ್ರೇಯಾ?" ಎಂದು ಕೇಳು. ತಪ್ಪಾಗಿದ್ದರೆ ಜಯೇಶ ಬೇಸರ ಮಾಡುವುದಿಲ್ಲ.